ಚಿಕ್ಕಪ್ಪನ ಮುಂದೆ ಮೈ ಕೆರೆದುಕೊಳ್ಳಬೇಡಿ

ಬೇಕಾದರೆ ಹುಲಿಯ ಮುಂದೆ ಕೂತು ಮೈ ಕೆರೆದುಕೊಳ್ಳಿ, ತ್ಯಾಮಗೊಂಡ್ಲಿನ ನಮ್ಮ ಚಿಕ್ಕಪ್ಪನ ಮುಂದೆ ಮಾತ್ರ ಬೇಡ! "ಎಲ್ಲಿ? ಬರೀ ನವೆನೋ, ಉರಿನೂ ಐತೋ?" ಎನ್ನುತ್ತಾ ಕನ್ನಡಕ ಹುಡುಕುತ್ತಾರೆ. ಆಮೇಲೆ ಪಾಠ. ಚರ್ಮದ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದಂತೆ. ಕೆರೆದಾಗ ಆಗುವ ಸಣ್ಣ ನೋವು ಆ ಸುದ್ದಿಯನ್ನು ಅಡಗಿಸುತ್ತದಂತೆ. ಅಂಗಾಲು ನವೆಯಾದರೆ ಪ್ರಯಾಣ ಬರುತ್ತದೆ ಎಂದ ಪಾಪದ ಅಜ್ಜಿಗೂ ಈ ಪಾಠ ತಪ್ಪಲಿಲ್ಲ.

ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಈ ಪುಣ್ಯಾತ್ಮರು ಎತ್ತಿದ್ದು ಯಾವ ವಿಷಯ ಗೊತ್ತೇ? ಹೇನು!

"ನೋಡ್ತಾ ಇರಿ, ಹೇನು ಅಂದ್ರೆ ಸಾಕು, ತಲೆ ನವೆ ಆಗ್ತೈತೆ. ಒಬ್ರು ಕೆರ್ಕೊಂಡ್ರೆ ನೋಡ್ದೋರ್ಗೂ ಶುರು. ಅಲ್ಲಿ ಹೇನೂ ಇಲ್ಲ, ನರದ ತಪ್ಪೂ ಇಲ್ಲ, ಎಲ್ಲಾ ಮಿದುಳಿನ ಆಟ!"

ಮೊದಲು ಹುಡುಗನ ತಾಯಿಯ ಕೈ ಮೇಲೆದ್ದಿತು. ಐದು ನಿಮಿಷದಲ್ಲಿ ಬಂದವರೆಲ್ಲ ತಲೆ ಕೆರೆಯುತ್ತಿದ್ದರು. ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈ ತಮಾಷೆಯೆಲ್ಲ ಚಿಕ್ಕಮ್ಮನ ಎಡಗಾಲಿಗೆ ಜಾಲಿ ಮುಳ್ಳು ಚುಚ್ಚುವವರೆಗೆ ಮಾತ್ರ. ಸಕ್ಕರೆ ಕಾಯಿಲೆಯ ಚಿಕ್ಕಮ್ಮ ಆ ಮುಳ್ಳಿನೊಂದಿಗೇ ಎರಡು ದಿನ ಓಡಾಡಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ!

"ಕಾಲಿನ ನರಗಳು ಸೋತಿವೆ. ಗಾಯ ಆದ್ರೂ ತಿಳಿಯಲ್ಲ, ದಿನಾ ಪಾದ ನೋಡ್ಬೇಕು. ಕೀವು ಏರಿದ್ರೆ ಕಾಲೇ ತೆಗೀಬೇಕಾಗುತ್ತೆ" ಎಂದರು ನೆಲಮಂಗಲದ ಡಾಕ್ಟರು.

ಅಂದಿನಿಂದ ಚಿಕ್ಕಪ್ಪ ಅರ್ಧ ಇಳಿದುಹೋದರು. ಬೆಳಗಾದರೆ ಕನ್ನಡಿ ಹಿಡಿದು ಹೆಂಡತಿಯ ಅಂಗಾಲು ನೋಡುವುದು, ಕೋಳಿ ಪುಕ್ಕ ಆಡಿಸುವುದು.

"ನವೆ ಆಗ್ತೈತೇನೇ?"

"ಇಲ್ಲ ಕಣ್ರೀ."

ಆ 'ಇಲ್ಲ' ಕೇಳಲು ನನಗೆಷ್ಟು ಭಯವೆಂದರೆ, ಅವರ ಮನೆಗೆ ಹೋಗುವುದನ್ನೇ ಮುಂದಕ್ಕೆ ಹಾಕುತ್ತಿದ್ದೆ.

ಕಳೆದ ತಿಂಗಳು ಧೈರ್ಯ ಮಾಡಿ ಹೋದರೆ, ಚಿಕ್ಕಪ್ಪ ಬೇಲಿಯ ಕಡೆಯಿಂದ ಹೆಗಲ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬರುತ್ತಿದ್ದರು. ನಸುಗುನ್ನಿ ಕಾಯಿ! ಅದರ ರೋಮ ತಗುಲಿದರೆ ಮೈಯೆಲ್ಲ ಕಿತ್ತುಕೊಳ್ಳುವಂತಾಗುತ್ತದೆ. ನಾನು ದಾರಿಗೆ ಅಡ್ಡ ನಿಂತೆ.

"ಚಿಕ್ಕಪ್ಪಾ, ಬೇಡ! ಚಿಕ್ಕಮ್ಮ ಕೆರ್ಕೊಂಡು ಗಾಯ ಮಾಡ್ಕೊಂಡ್ರೆ?"

"ನವೆ ಆದ್ರೆ ನರ ಬದುಕೈತೆ ಅಂತ ತಾನೇ ಕಣೋ! ಒಂದೇ ಒಂದು ರೋಮ..." ಎಂದವರು ಅಲ್ಲಿಗೇ ನಿಂತರು. ಗಾಯ ಎಂಬ ಮಾತು ಆಗ ಕಿವಿಗೆ ಬಿದ್ದಿರಬೇಕು. ಕಾಯಿಯನ್ನು ತಿಪ್ಪೆಗೆ ಎಸೆದರು. ಹೆದರಿ ಬೆವೆತಿದ್ದರು ನೋಡಿ, ಅದೇ ಟವೆಲಿನಿಂದ ಮುಖ, ಕುತ್ತಿಗೆ, ಎದೆ ಎಲ್ಲ ಒರೆಸಿಕೊಂಡರು!

ಆಮೇಲೆ ಕೇಳಬೇಕೇ? ಅಂಗಳದ ತುಂಬ ಕುಣಿತ! ನಾನು ಓಡಿಹೋಗಿ ಆ ನವೆಗೆ ಮದ್ದೆಂದು ಸಗಣಿ ತಂದು ಬಳಿದೆ. ಹೊರಗೆ ಬಂದ ಚಿಕ್ಕಮ್ಮ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಎಡಗಾಲಿನ ಕಡೆ ಬಗ್ಗಿದರು.

"ರೀ, ನಿಮ್ಮನ್ನ ನೋಡಿ ನನ್ ಎಡಗಾಲೂ ನವೆ ಆಗ್ತೈತೆ ಕಣ್ರೀ."

ಈಗ ಬಂತು ಪಾಠ ಎಂದುಕೊಂಡೆ. ನೋಡಿ ಹತ್ತುವ ನವೆ ಮಿದುಳಿನದು, ಅದರಿಂದ ನರ ಬದುಕಿದೆ ಎಂದು ಹೇಳಲಾಗದು. ಚಿಕ್ಕಪ್ಪನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಚಿಕ್ಕಪ್ಪ ಹೆಂಡತಿಯ ಎಡಗಾಲನ್ನೇ ನೋಡುತ್ತಾ ನಿಂತರು. ಸಗಣಿ ಮೆತ್ತಿದ ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ನಸುಗುನ್ನಿ ರೋಮ ಅಂಟಿದ ಅವರ ಕೈ ಆ ಕಾಲಿಗೆ ತಾಗುವಂತಿರಲಿಲ್ಲ, ನನ್ನ ಕಡೆ ತಿರುಗಿದರು.

"ನೀನು ಕೈ ತೊಳ್ಕೊಂಡು ಅವಳ ಕಾಲು ಕೆರಿಯೋ. ಮೆತ್ತಗೆ. ಉಗುರು ತಾಗಿಸ್ಬೇಡ ಕಣಪ್ಪಾ."