ಬ್ಯಾಕಪ್ ತೆಗೆದಿದ್ದೀರಾ?

ಕಂಪ್ಯೂಟರು ಹೊಸದು, ಸಾಫ್ಟ್‌ವೇರು ಹೊಸದು. ಆದರೂ ಪರದೆ ಮಾತ್ರ ಮದುವೆಮನೆಗೆ ಬಂದ ಸೋದರತ್ತೆಯ ಹಾಗೆ ಹಳೆಯದನ್ನೇ ಎತ್ತಿತು: 'ನಿಮ್ಮ ಹಳೆಯ ಮಾಹಿತಿಯನ್ನು ಹೊಸ ರೂಪಕ್ಕೆ ಬದಲಿಸಲಾಗುವುದು. ಬ್ಯಾಕಪ್ ತೆಗೆದಿದ್ದೀರಾ? ಇಲ್ಲದಿದ್ದರೆ ಎಲ್ಲವೂ ಅಳಿಸಿಹೋಗಬಹುದು.'

ತುಮಕೂರಿನ ಕಂಪನಿಯ ಪರವಾಗಿ ಊರೂರಿನ ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಭಾನುಪ್ರಕಾಶನಿಗೆ ಈ ಪ್ರಶ್ನೆ ಕಂಡು ಕಂಡು ಸಾಕಾಗಿತ್ತು. ಅದರಲ್ಲೂ ಇವತ್ತು ಸಾಯಂಕಾಲ ಕುಣಿಗಲ್‌ನಲ್ಲಿ ಹೆಂಡತಿ ಹೇಮಶ್ರೀಯ ಸೀಮಂತ. ನಿಟ್ಟೂರಿನ ಡೈರಿ ಮುಗಿಸದೆ ರಜೆಯಿಲ್ಲ ಎಂದಿದ್ದರು ಮ್ಯಾನೇಜರು. ಅರ್ಧ ಗಂಟೆಯ ಕೆಲಸ, ಬಂದೇಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದ.

'ಹೌದು' ಒತ್ತಬೇಕು, ಅಷ್ಟರಲ್ಲಿ ಡೈರಿ ಅಧ್ಯಕ್ಷ ಶಿವರಾಮಯ್ಯ ಅವನ ಕೈ ಹಿಡಿದರು.

"ತಡಿಯಪ್ಪ. ಅಳಿಸೋಯ್ತದೆ ಅಂತ ಅದೇ ಹೇಳ್ತೈತಲ್ಲ."

ಈಗ ತಾನೇ ಪೆಟ್ಟಿಗೆ ಬಿಚ್ಚಿದ ಕಂಪ್ಯೂಟರಿನಲ್ಲಿ ಅಳಿಸುವುದಕ್ಕೆ ಏನಿದೆ ಎಂದು ಅವನು ಹೇಳಿದ್ದೇ ಹೇಳಿದ್ದು. ಹಾಲಿನ ಕ್ಯಾನು ಹಿಡಿದು ಬಂದವರೂ ನಿಂತು ತಲೆಗೊಂದು ಸಲಹೆ ಕೊಟ್ಟರು. ಬೇಸತ್ತ ಭಾನುಪ್ರಕಾಶ ಸಾಫ್ಟ್‌ವೇರ್ ಬರೆದ ರೂಬಿಗೇ ಫೋನ್ ಮಾಡಿ, ಮೊದಲ ಸಲ ಹಾಕಿಸಿಕೊಳ್ಳುವವರಿಗೆ ಈ ಪ್ರಶ್ನೆ ಯಾಕಮ್ಮ, ತೆಗೆದುಬಿಡು ಎಂದು ಗೋಗರೆದ. ಪಾಪ, ಅವಳು ಒಪ್ಪಿದಳು. ತಿದ್ದಿ ಕಳಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು, ಹೇಮಶ್ರೀ ಎರಡು ಸಲ ಫೋನ್ ಮಾಡಿದ್ದಳು. ಪೆನ್‌ಡ್ರೈವ್‌ನಲ್ಲಿದ್ದ ಹಳೆಯದನ್ನು ಅಳಿಸಿ, ಹೊಸದನ್ನು ತುಂಬಿಕೊಂಡು, ದೇವರೇ ಎಂದು ಶುರು ಮಾಡಿದ.

'ಇದು ಮೊದಲ ಅಳವಡಿಕೆ. ನಿಮ್ಮಲ್ಲಿ ಹಳೆಯ ಮಾಹಿತಿ ಏನೂ ಇಲ್ಲ. ಒಪ್ಪುತ್ತೀರಾ?'

ಶಿವರಾಮಯ್ಯ ಹುಬ್ಬು ಗಂಟಿಕ್ಕಿದರು.

"ಏನೂ ಇಲ್ವಾ? ನಮ್ಮಪ್ಪನ ಕಾಲದ ಲೆಕ್ಕನೂ ಬೀರುನಾಗೈತೆ. ಇಲ್ಲ ಅಂತ ನಾವೇ ಒಪ್ಕಂಡ್ರೆ ನಾಳೆ ಆಡಿಟ್‌ನೋರು ಸುಮ್ಕೆ ಬುಡ್ತಾರಾ? ಸಾಯಂಕಾಲ ಡೈರೆಕ್ಟ್ರುಗಳು ಹಾಲು ಹಾಕಕ್ಕೆ ಬರ್ತಾರೆ, ಠರಾವು ಮಾಡಾಣ. ಕೂತ್ಕೊ."

ಭಾನುಪ್ರಕಾಶನಿಗೆ ಅಳುವೊಂದು ಬಾಕಿ. ಅವನ ಮುಖ ನೋಡಿ ಅಧ್ಯಕ್ಷರಿಗೂ ಕನಿಕರವಾಯಿತು. ಮೊದಲಿನದೇ ವಾಸಿಯಿತ್ತು, ಲೆಕ್ಕವೆಲ್ಲ ಬೀರುವಿನಲ್ಲಿ ಭದ್ರವಾಗಿದೆ, ಅದೇ ಬ್ಯಾಕಪ್ಪು ಅಂದುಕೊಂಡು ಈಗಲೇ 'ಹೌದು' ಒತ್ತಿಬಿಡುತ್ತೇನೆ, ಅದನ್ನೇ ತರಿಸು ಎಂದರು.

ಹೋದ ಜೀವ ಬಂದಂತಾಗಿ ಅವನು ರೂಬಿಗೆ ಫೋನ್ ಹಚ್ಚಿ, ಹಳೆಯದನ್ನೇ ತಕ್ಷಣ ಕಳಿಸು ತಾಯಿ ಎಂದ.

"ಅದ್ರ ಮೇಲೇ ತಿದ್ಬಿಟ್ಟೆ ಸಾರ್. ಮತ್ತೆ ಬರಿಯೋಕೆ ಸಾಯಂಕಾಲ ಆಗುತ್ತೆ," ಎಂದಳು ರೂಬಿ. "ಬ್ಯಾಕಪ್ ತೆಗೆದಿರ್ಲಿಲ್ಲ."