ಮುಖಂಡರನ್ನು ತಯಾರಿಸುವ ಪುಸ್ತಕದ ಪೆಟ್ಟಿಗೆ

ಊರೂರು ತಿರುಗುವ ನೌಕರಿ ಹಿಡಿದವರಿಗೆ ನಗೆಯ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನನಗಂತೂ ವಾರಕ್ಕೊಂದು ತಪ್ಪುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ನಾನು ಲಿಂಗಸುಗೂರಿನಲ್ಲಿ ಗ್ರಾಮಸೇವಿಕೆಯಾಗಿದ್ದೆ. ಮಹಿಳಾ ಮಂಡಳ ಕಟ್ಟುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು, ಹೊಲಿಗೆ ಕಲಿಸುವುದು ನನ್ನ ಕೆಲಸ. ಒಂದು ದಿನ ಸಾಹೇಬರು ಕರೆದು ತಗಡಿನ ಪೆಟ್ಟಿಗೆಯೊಂದನ್ನು ತೋರಿಸಿದರು. ಒಳಗೆ ಆರು ಪುಸ್ತಕ, ಮೇಲೊಂದು ಪಟ್ಟಿ: ‘ನಾಯಕತ್ವದ ಗುಣ ಬೆಳೆಸಿಕೊಳ್ಳಲು ಓದಬೇಕಾದ ಪುಸ್ತಕಗಳು’.

“ಇವನ್ನ ಹಳ್ಳ್ಯಾಗ ಓದಿಸಿ ಮುಖಂಡರನ್ನ ತಯಾರ ಮಾಡಬೇಕ್ರೀ,” ಎಂದರು.

“ಎಷ್ಟು ಮಂದೀನ್ರೀ ಸಾಹೇಬ್ರ?”

“ಊರಿಗೆ ಇಬ್ಬರು. ಮಾರ್ಚ್ ಒಳಗ.”

ಆಗಲೇ ಜನವರಿ ಅರ್ಧ ಮುಗಿದಿತ್ತು. ಸಾಲದ್ದಕ್ಕೆ ಸಿಂಧನೂರಿನ ಗ್ರಾಮಸೇವಿಕೆ ಬಾಣಂತನಕ್ಕೆ ಹೋಗಿದ್ದರಿಂದ ಆ ಕಡೆಯ ಹಳ್ಳಿಗಳೂ ನನ್ನ ಪಾಲಿಗೇ ಬಂದವು.

೧. ಉಸುಕಿನಲ್ಲಿ ಬಸ್ಸು

ಪೆಟ್ಟಿಗೆಯನ್ನು ಟಾಪಿನ ಮೇಲೆ ಹಾಕಿಸಿ ಮಸ್ಕಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಒಣ ಹಳ್ಳವೊಂದನ್ನು ದಾಟುವಾಗ ಬಸ್ಸಿನ ಹಿಂದಿನ ಗಾಲಿ ಉಸುಕಿನಲ್ಲಿ ಹೂತು ಕುಳಿತಿತು. ಡ್ರೈವರು ಕಂಡಕ್ಟರನನ್ನು ಬೈದ. ಕಂಡಕ್ಟರ ರಸ್ತೆಯನ್ನು ಬೈದ. ಅರ್ಧ ಗಂಟೆ ಇದೇ ನಡೆಯಿತು. ಕಂಡಕ್ಟರನ ಹಿಂದಿನ ಸೀಟಿನಲ್ಲಿ ಒಬ್ಬ ಬಳೆಗಾರ್ತಿ ತೊಡೆಯ ಮೇಲೆ ಬಳೆಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ಮಸ್ಕಿಯ ಸಂತೆಗೆ ಹೊತ್ತಾಗುತ್ತಿತ್ತು. ಅವಳಿಗೆ ಸಾಕಾಯಿತೆಂದು ಕಾಣುತ್ತದೆ.

“ಏ, ನೀ ಬೈಯೋದು ಬಿಡು, ಗಾಲಿ ಮುಂದ ಉಸುಕು ತಗಿ,” ಎಂದು ಕಂಡಕ್ಟರನಿಗೆ ಹೇಳಿದಳು. “ಪಟಗಾದ ಅಣ್ಣಾರು ನಾಕು ಮಂದಿ ಎಡಕ್ಕ, ಟೊಪ್ಪಿಗಿಯವರು ಬಲಕ್ಕ. ಹೆಂಗಸರು ಜಾಲಿ ಕಂಟಿ ಕಡದು ಗಾಲಿ ಬುಡಕ್ಕ ಹಾಕ್ರಿ. ನಾ ಹೂಂ ಅಂದಾಗ ಎಲ್ಲರೂ ಕೂಡೇ ತಳ್ಳಬೇಕು.”

ಯಾರೊಬ್ಬರೂ ‘ನೀನ್ಯಾರು ಹೇಳಾಕ?’ ಎನ್ನಲಿಲ್ಲ. ಜಮೀನ್ದಾರನಂತಿದ್ದ ಒಬ್ಬಾತ ಕೋಟು ಬಿಚ್ಚಿ ಸೀಟಿನ ಮೇಲಿಟ್ಟು ಇಳಿದ. ನಾನೂ ಸೆರಗು ಸಿಕ್ಕಿಸಿಕೊಂಡು ಜಾಲಿ ಕಂಟಿ ಎಳೆದೆ. ಮೂರನೆಯ ಹೂಂಕಾರಕ್ಕೆ ಬಸ್ಸು ದಂಡೆ ಹತ್ತಿತು. ನಾನು ಬೆರಗಾಗಿ ಹೋಗಿದ್ದೆ. ಮೈಯೆಲ್ಲ ಧೂಳು ಮಾಡಿಕೊಂಡು ಒಳಗೆ ಬಂದು ನೋಡಿದರೆ ಆಕೆ ಕುಳಿತಲ್ಲೇ ಕುಳಿತಿದ್ದಾಳೆ, ಒಂದು ಬಳೆಯೂ ಅಲುಗಿಲ್ಲ.

“ಎಲ್ಲರೂ ಇಳದೀವಿ, ನೀವ್ಯಾಕ ಇಳೀಲಿಲ್ಲವ್ವಾ?” ಎಂದು ಕೇಳಿದೆ.

“ಎಲ್ಲರೂ ತಳ್ಳಾಕ ಹ್ವಾದ್ರ,” ಎಂದಳು, “ತಳ್ರೀ ಅನ್ನೋರು ಯಾರು?”

೨. ಮುಂದೆ ನಡೆದ ಅಧ್ಯಕ್ಷರು

ಸಿಂಧನೂರು ಕಡೆಯ ಒಂದು ಊರಿನ ಪಂಚಾಯತಿ ಅಧ್ಯಕ್ಷರು ಆಳೆತ್ತರದ ದಪ್ಪ ಮನುಷ್ಯ. ಪುಸ್ತಕ ಕೊಟ್ಟ ಮರುದಿನವೇ ಹೇಳಿಕಳಿಸಿದರು. ಹೋದೆ. ಹತ್ತಿಪ್ಪತ್ತು ರೈತರು ಸೇರಿದ್ದರು. ಕಾಲುವೆ ನೀರು ಹಾಯಿಸಿದರೆ ಎರೆಭೂಮಿ ಉಪ್ಪೆದ್ದು ಸವುಳಾಗುತ್ತದೆಂದು ಹೆದರಿ ಅರ್ಧ ಊರು ತೂಬಿನ ಹತ್ತಿರ ಸುಳಿದಿರಲಿಲ್ಲ. ನೀರು ಹಾಯಿಸಿದ ತಮ್ಮ ಅಳಿಯನ ಹೊಲವನ್ನು ತೋರಿಸಿ ಇವರ ಹೆದರಿಕೆ ಬಿಡಿಸಬೇಕೆಂದು ಅಧ್ಯಕ್ಷರ ವಿಚಾರ.

“ಪುಸ್ತಕದಾಗ ಬರೋಬ್ಬರಿ ಬರದಾರ್ರೀ ಅಕ್ಕಾರ. ಮುಖಂಡಾದಂವ ಯಾವತ್ತೂ ಜನರ ಮುಂದ ನಡೀಬೇಕಂತ,” ಎಂದು ಧೋತರ ಎತ್ತಿ ಕಟ್ಟಿ ನಡೆದೇಬಿಟ್ಟರು.

ಒಡ್ಡಿನಿಂದ ಇಳಿದು ಹತ್ತು ಹೆಜ್ಜೆ ಹೋಗಿರಬಹುದು. ಮೊಣಕಾಲಿನವರೆಗೆ ಹೂತರು. ಹೊರಬರಲು ಒಂದು ಕಾಲು ಎತ್ತಿದರೆ ಇನ್ನೊಂದು ತೊಡೆಯವರೆಗೆ ಇಳಿಯಿತು. ನಮಗೆಲ್ಲ ಜೀವ ಹಾರಿತು. ಅವರು ಮಾತ್ರ ಗಾಬರಿಯಾಗಲಿಲ್ಲ. ನಿಂತಲ್ಲಿಂದಲೇ ಕೈ ಎತ್ತಿ, “ಇಲ್ಲಿ ಕೆಸರೈತಿ! ನೀವು ಬಲಕ್ಕ ಒಡ್ಡಿನ ಮ್ಯಾಲೆ ಬರ್ರಿ!” ಎಂದು ಕೂಗಿದರು. ಜನ ಒಡ್ಡಿನ ಮೇಲೆ ಹೋಗಿ ಬೆಳೆ ನೋಡಿದರು, ಮಣ್ಣು ಹಿಸುಕಿ ನೋಡಿದರು, ನಾಲಿಗೆಯ ಮೇಲಿಟ್ಟು ಉಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡರು. ಅಷ್ಟು ಹೊತ್ತೂ ಅಧ್ಯಕ್ಷರು ಕೆಸರಿನಲ್ಲಿ ನಿಂತೇ ಎಕರೆಗೆ ಎಷ್ಟು ಚೀಲ ಬರುತ್ತದೆ, ಯಾರು ಯಾವಾಗ ನೀರು ತಗೋಬೇಕು ಎಂದು ಭಾಷಣ ಮಾಡಿದರು. ಅಂಥ ಸಭೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅವತ್ತೇ ಹನ್ನೊಂದು ಮಂದಿ ನೀರಿಗೆ ಒಪ್ಪಿಕೊಂಡರು. ಆಮೇಲೆ ನಾಲ್ವರು ಹಗ್ಗ ಹಾಕಿ ಅಧ್ಯಕ್ಷರನ್ನು ಮೇಲೆಳೆದರು. ಚಪ್ಪಲಿ ಮಾತ್ರ ಅಲ್ಲೇ ಉಳಿದವು.

ವಾರ ಬಿಟ್ಟು ಪುಸ್ತಕ ಹೆಂಗಿತ್ತೆಂದು ವಿಚಾರಿಸಿದೆ.

“ಒಂದನೇ ಪುಟ ಮುಗದೈತ್ರೀ. ಎರಡನೇ ಪುಟದಾಗ ಏನೈತಿ ಅಂತ ಮೊದಲು ನೀವು ಹೇಳ್ರಿ,” ಎಂದರು, “ಆಮ್ಯಾಲ ಓದತೀನಿ.”

೩. ಕಿವಿ ಕೇಳದ ಆಯಿ

ಸಂತೆಕಲ್ಲೂರಿನಲ್ಲಿ ಮಹಿಳಾ ಮಂಡಳಕ್ಕೆ ಒಬ್ಬ ಮುದುಕಿಯನ್ನು ಅಧ್ಯಕ್ಷೆ ಮಾಡಿದ್ದರು. ಊರೆಲ್ಲ ಅವಳಿಗೆ ಆಯಿ ಎನ್ನುತ್ತಿತ್ತು. ಓದು ಬಾರದು, ಕಿವಿಯೂ ಕೇಳುವುದಿಲ್ಲ. ಇಂಥವಳನ್ನು ಯಾಕೆ ಆರಿಸಿದಿರಿ ಎಂದು ಹೆಂಗಸರನ್ನು ಕೇಳಿದರೆ, “ನೀವು ಓದ್ರಿ ಅಕ್ಕಾರ, ನೋಡ್ರಿ,” ಎಂದು ನಕ್ಕರು.

ಆಯಿ ತನ್ನ ಮನೆಯೊಳಗೆ ಬೇಡವೆಂದು ಊರಕಟ್ಟೆಯ ಎದುರಿನ ಬೇವಿನ ಬುಡದಲ್ಲಿ ಸಭೆ ಕೂಡಿಸಿದಳು. ಕಟ್ಟೆಯ ಮೇಲೆ ಊರಿನ ಗಂಡಸರು ಬೀಡಿ ಸೇದುತ್ತ ಕುಳಿತಿದ್ದರು. ನಾನು ಪುಸ್ತಕ ತೆಗೆದು, “ಊರಿನ ಹೆಣ್ಣುಮಕ್ಕಳ ಕಷ್ಟವನ್ನು ತಿಳಿಯದವನು ಮುಖಂಡನಾಗಲಾರನು,” ಎಂದು ಓದಿದೆ.

“ಏನಂದಿ?” ಎಂದಳು ಆಯಿ.

ಇನ್ನಷ್ಟು ಜೋರಾಗಿ ಓದಿದೆ.

“ಏನಾಗಲಾರನು?”

“ಮುಖಂಡನು!” ಎಂದು ಒದರಿದೆ.

“ಯಾರ ಕಷ್ಟ?”

“ಹೆಣ್ಣುಮಕ್ಕಳ ಕಷ್ಟ!”

“ಅಂದ್ರ ನಮ್ಮ ಬಾವಿಗೆ ಕಟ್ಟಿ ಇಲ್ಲಲ್ಲ, ಹ್ವಾದ ವರ್ಷ ಬಸರಿ ಹೆಣಮಗಳು ಕಾಲು ಜಾರಿ ಬಿದ್ಲಲ್ಲ, ಅಂಥಾದ್ದೇನು?”

“ಹೌದು ಆಯಿ, ಅಂಥಾದ್ದೇ!”

ಹೀಗೆ ಒಂದು ಪುಟವನ್ನು ಐದು ಸಲ ಒದರಿದೆ. ಗಂಟಲು ಹರಿದು ಹೋಯಿತು. ಕಟ್ಟೆಯ ಮೇಲಿನ ಬೀಡಿಗಳು ಒಂದೊಂದಾಗಿ ಆರಿದವು. ಒಬ್ಬ ಹಿರಿಯ ನೆಲ ನೋಡುತ್ತ ಕುಳಿತ. ಎರಡು ವರ್ಷದಿಂದ ಕಟ್ಟೆ ಕಟ್ಟಿಸಿರೆಂದು ಹೆಂಗಸರು ಬೇಡಿದ್ದ ಆ ಬಾವಿಗೆ ಮುಂದಿನ ಸೋಮವಾರವೇ ಕಲ್ಲು ಹೇರಿದ ಬಂಡಿಗಳು ಬಂದು ನಿಂತವು.

ಸಭೆ ಮುಗಿದು ಪುಸ್ತಕ ಕಟ್ಟುವಾಗ ಆಯಿ ನನ್ನ ಹತ್ತಿರ ಸರಿದು ಮೆಲ್ಲಗೆ, “ಗಂಟಲಿಗೆ ಬಿಸಿನೀರಾಗ ಉಪ್ಪು ಹಾಕಿ ಮುಕ್ಕಳಸವ್ವ,” ಎಂದಳು. ನಾನು, “ಹೂಂ ಆಯಿ,” ಎಂದು ಪಿಸುಗುಟ್ಟಿದೆ. “ಮರೀಬ್ಯಾಡ ಮತ್ತ,” ಎಂದಳು. ಆಗ ನನಗೆ ಹೊಳೆಯಿತು, ನನ್ನ ಪಿಸುಮಾತು ಅವಳಿಗೆ ಚೆನ್ನಾಗಿ ಕೇಳಿಸಿದೆ.

“ಆಯಿ, ನಿಮಗ ಕಿವಿ ಕೇಳತಾವು! ಮೊದಲ ಹೇಳಬಾರದಿತ್ತೇನ್ರೀ?”

“ಹೇಳಿದ್ರ ನೀ ಸಣ್ಣಗ ಓದತಿದ್ದಿ,” ಎಂದಳು. “ಕಟ್ಟಿ ಮ್ಯಾಲಿನ ಕಿವುಡರಿಗೆ ಹೆಂಗ ಕೇಳತಿತ್ತು?”

೪. ಒಬ್ಬಳು ಓದಿದಳು, ಉಳಿದವರು ತಿಳಿದರು

ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ತೆಲುಗು ರೈತರು ಬಂದು ಹೊಲ ಹಿಡಿದು, ಗುಡಿಸಲು ಹಾಕಿಕೊಂಡು ನೆಲೆಸಿದ್ದರು. ಅವಕ್ಕೆ ಕ್ಯಾಂಪು ಎನ್ನುತ್ತಿದ್ದರು. ಅಂಥದೊಂದು ಕ್ಯಾಂಪಿಗೂ ಪಕ್ಕದ ಊರಿಗೂ ನೀರು ತುಂಬಲು ಕಾಲುವೆಗೆ ಇಳಿಯುವ ಪಾವಟಿಗೆ ಒಂದೇ. ಅಲ್ಲಿ ಹೆಂಗಸರ ನಡುವೆ ಜಗಳ ಹತ್ತಿ ಕೊಡಗಳು ಒಡೆದಿದ್ದವು, ಗಂಡಸರು ಬಡಿಗೆ ಹುಡುಕುತ್ತಿದ್ದರು. ಎರಡೂ ಕಡೆಯ ಹೆಂಗಸರನ್ನು ಸೇರಿಸಿ ಪುಸ್ತಕ ಓದಿ ಬುದ್ಧಿ ಹೇಳೋಣವೆಂದು ನಾನು ಹೋದೆ. ಬಂದರೇನೋ ಬಂದರು, ಆದರೆ ಊರಿನವರು ಈ ಕಡೆಯ ಜಮಖಾನೆಯ ಮೇಲೆ, ಕ್ಯಾಂಪಿನವರು ಆ ಕಡೆಯದರ ಮೇಲೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಪುಸ್ತಕ ತೆಗೆದು ಚೀಲದಲ್ಲಿ ಕೈಯಾಡಿಸಿದೆ. ಕನ್ನಡಕ ಬಸ್ಸಿನಲ್ಲೇ ಉಳಿದಿತ್ತು. ಅದಿಲ್ಲದೆ ನನಗೆ ಅಕ್ಷರವೆಲ್ಲ ಇರುವೆ ಸಾಲು. ಊರಿನ ಹೆಂಗಸರಲ್ಲಿ ಒಬ್ಬರಿಗೂ ಓದು ಬಾರದು. ಪೇಚಾಡುತ್ತಿರುವಾಗ ಕ್ಯಾಂಪಿನ ಒಬ್ಬ ಹೆಣ್ಣುಮಗಳು ಎದ್ದು ಬಂದು ಪುಸ್ತಕ ತೆಗೆದುಕೊಂಡಳು. ಅವಳು ಕಲಿತದ್ದು ತೆಲುಗು. ಆದರೆ ಎರಡರ ಅಕ್ಷರ ಅಕ್ಕತಂಗಿಯರಲ್ಲವೇ? ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ಕನ್ನಡದ ಒಂದು ಮಾತೂ ಅವಳಿಗೆ ತಿಳಿಯದು. ಈ ಕಡೆ ಕುಳಿತವರಿಗೆ ಒಂದಕ್ಷರ ಬಾರದು, ಆದರೆ ಎಲ್ಲ ತಿಳಿಯುತ್ತಿದೆ! “ನೀ-ರು ಎ-ಲ್ಲ-ರ-ದು” ಎಂದು ಅವಳು ಓದಿದರೆ ಇವರು ತಲೆಯಾಡಿಸುವರು.

ಪುಟ ಮಗುಚಿ ಮತ್ತೂ ಹುರುಪಿನಿಂದ ಓದಿದಳು: “ಓದಲು ಬಾರದವರು ನಾಯಕರಾಗಲಾರರು. ಓದಿಯೂ ತಿಳಿಯದವರಂತೂ ಆಗಲೇ ಆಗರು!”

ಊರಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಓದಿದವಳು ಗಾಬರಿಯಾಗಿ, “ಎಂದುಕಮ್ಮಾ ನವ್ವುತುನ್ನಾರು?” ಎಂದಳು. ಯಾಕೆ ನಗುತ್ತೀರಿ ಎಂಬುದು ಯಾವ ಭಾಷೆಯಲ್ಲಾದರೂ ತಿಳಿಯುವಂಥದೇ. ಊರಿನ ಹಿರಿಯಳೊಬ್ಬಳು ಎದ್ದು ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟಳು. ಮೊದಲು ಪುಸ್ತಕವನ್ನೂ ತನ್ನ ಕಣ್ಣನ್ನೂ ತೋರಿಸಿ ಇಲ್ಲವೆಂದು ಕೈಯಾಡಿಸಿದಳು, ಆಮೇಲೆ ಅವಳ ತಲೆ ತೋರಿಸಿ ಇಲ್ಲವೆಂದು ಕೈಯಾಡಿಸಿದಳು.

“ನನ್ನೂ ನಿನ್ನೂ ಕೂಡೇ ಬೈದಾನವ್ವ ಆ ಬರದಂವ!”

ಅವಳಿಗೆ ತಿಳಿಯಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. ಆಮೇಲೆ ಜಮಖಾನೆ ಎರಡೂ ಒಂದಾದವು. ಮುಂಜಾನೆ ಊರಿನವರು, ಬಿಸಿಲೇರಿದ ಮೇಲೆ ಕ್ಯಾಂಪಿನವರು ಎಂದು ಪಾಳಿ ಗೊತ್ತಾಯಿತು. ಗಂಡಸರ ಬಡಿಗೆ ದನ ಕಾಯಲು ಹೋದವು.

ಆಫೀಸಿಗೆ ಬಂದು ನಾನು ಇದ್ದದ್ದನ್ನು ಇದ್ದಂತೆ ವರದಿ ಬರೆದೆ: ‘ಪುಸ್ತಕವನ್ನು ಒಬ್ಬರು ಓದಿದರು. ಓದಲು ಬಾರದವರೆಲ್ಲರೂ ತಿಳಿದುಕೊಂಡರು. ಓದಿದವರಿಗೆ ಮಾತ್ರ ಏನೂ ತಿಳಿಯಲಿಲ್ಲ.’

ಹಿರಿಯ ಗುಮಾಸ್ತರು ಅದನ್ನು ಎರಡು ಸಲ ಓದಿ, ಕಿವಿಯ ಮೇಲಿನ ಪೆನ್ನು ತೆಗೆದು ಸುತ್ತಲೂ ಇದ್ದ ಮೇಜುಗಳನ್ನು ನೋಡಿದರು.

“ಖರೇ ಹೇಳ್ರಿ ಅಕ್ಕಾರ,” ಎಂದರು, “ಇದು ಕ್ಯಾಂಪಿನ ವರದೀನೋ, ನಮ್ಮ ಆಫೀಸಿಂದೋ?”