ಅಣ್ಣನ ದುಪ್ಪಟಿ ಡ್ರಮ್ಮು

ನಾನು ಒಂದು ಹಿಡಿಯನ್ನು ಹಿಂದಕ್ಕೆ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ನನ್ನ ಅಪರಾಧ ಇಷ್ಟೇ. ಅದನ್ನು ಹೇಳಬೇಕಾದರೆ ಮೊದಲು ನನ್ನ ಅಣ್ಣನ ವಿಷಯ ಹೇಳಬೇಕು. ಇಡೀ ಗುಬ್ಬಿ ಊರಿನಲ್ಲಿ ಸೂರ್ಯನನ್ನು ನಂಬದ ಮನುಷ್ಯ ಅವನೊಬ್ಬನೇ!

ಅಣ್ಣನದು ಸೈಕಲ್ ರಿಪೇರಿ. ಒಂದು ಮಳೆಗಾಲ, ಕಡಲೇಕಾಯಿ ಕಟ್ಟಿ ತಂದ ಹಳೇ ಪೇಪರಿನಲ್ಲಿ ಬಟ್ಟೆ ಒಣಗಿಸುವ ಯಂತ್ರದ ಚಿತ್ರ ನೋಡಿದ. ಬಿಸಿ ಡಬ್ಬಿಯೊಳಗೆ ಬಟ್ಟೆ ಉರುಳಾಡಿ ಒಣಗುತ್ತದಂತೆ. ತಗೋ! ಸೀಮೆಎಣ್ಣೆ ಡ್ರಮ್ಮಿಗೆ ತೂತು ಹೊಡೆದ, ಎರಡು ಕಂಬಗಳ ನಡುವೆ ಅಡ್ಡ ಮಲಗಿಸಿದ, ಪಕ್ಕಕ್ಕೊಂದು ಹಿಡಿ ಜೋಡಿಸಿದ, ಕೆಳಗೆ ಇದ್ದಿಲ ಒಲೆ ಇಟ್ಟ. ತಿರುಗಿಸುವವರು ಯಾರು? ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮನೆಯಲ್ಲಿದ್ದ ನಾನು!

ಮೊದಲ ದುಪ್ಪಟಿ ಚೆನ್ನಾಗಿಯೇ ಒಣಗಿತು. ಅಮ್ಮ ಮಾತ್ರ ಮೂಗು ಮುಚ್ಚಿಕೊಂಡಳು.

"ಇದ ಹೊದ್ಕೊಂಡು ದೀಪದ ಹತ್ರ ಹೋದ್ರೆ ನಾವೇ ಹತ್ಕೊಂಡ್ಬುಡ್ತೀವಲ್ಲೋ!"

ಅಣ್ಣ ಒಂದು ವಾರ ಡ್ರಮ್ಮಿಗೆ ಸೀಗೆಕಾಯಿ ಹಾಕಿ ಉಜ್ಜಿದ. ನನ್ನ ತಲೆ ಅಷ್ಟು ಸೀಗೆಕಾಯಿ ಕಂಡಿರಲಿಲ್ಲ.

ಮುಂದಿನ ಸಲ ಒಟ್ಟಿಗೆ ನಾಲ್ಕು ಹಾಕಿದೆವು. ನಾಲ್ಕೂ ಹೊಸೆದುಕೊಂಡು ಒಂದಾಗಿ ಬಂದವು. ಅಪ್ಪ ಎಳೆದು ನೋಡಿ, "ಬಾವಿಗೊಂದು ಹಗ್ಗ ಬೇಕಾಗಿತ್ತು, ಭೇಷ್ ಕಣ್ಲಾ!" ಅಂದ.

ಅಣ್ಣ ಎರಡು ದಿನ ಡ್ರಮ್ಮಿನ ಮುಂದೆ ಕೂತು ಯೋಚಿಸಿದ. ಆಮೇಲೆ ನನ್ನನ್ನು ಕರೆದ.

"ಒಂದೇ ಕಡೆ ತಿರುಗ್ಸಿದ್ರೆ ಸುತ್ಕೋತದೆ ಕಣೇ. ಹದಿನೈದು ಸುತ್ತು ಮುಂದಕ್ಕೆ, ಹದಿನೈದು ಹಿಂದಕ್ಕೆ. ಎಣಿಸ್ತೀಯಾ?"

"ಅಷ್ಟೂ ಬರಲ್ವಾ ನಂಗೆ?"

ಆಶ್ಚರ್ಯ! ದುಪ್ಪಟಿಗಳು ದೋಸೆಯ ಹಾಗೆ ಬಿಡಿಬಿಡಿಯಾಗಿ ಬಂದವು.

ಸುದ್ದಿ ಕೇಳಿ ತುಮಕೂರಿನ ಲಾಡ್ಜಿನ ಯಜಮಾನರೊಬ್ಬರು ಹೆಂಡತಿ ಸಮೇತ ಬಂದರು. ಯಂತ್ರ ಒಪ್ಪಿಗೆಯಾದರೆ ಲಾಡ್ಜಿನ ಹಿತ್ತಲಲ್ಲಿ ಅಣ್ಣನಿಗೊಂದು ಶೆಡ್ಡು, ಕಾಯಂ ಕೆಲಸ. ಅಣ್ಣ ಇಸ್ತ್ರಿ ಷರಟು ಹಾಕಿಕೊಂಡು, ಒಲೆಗೆ ಗಾಳಿ ಬೀಸುತ್ತಾ ಅವರಿಗೆ ಎಲ್ಲವನ್ನೂ ವಿವರಿಸುತ್ತಿದ್ದ.

ನಾನು ತಿರುಗಿಸುತ್ತಿದ್ದೆ. ಹತ್ತು, ಹನ್ನೊಂದು... ಆಗ ಯಜಮಾನರ ಹೆಂಡತಿಯ ಕಿವಿಯ ಜುಮುಕಿ ಅಲ್ಲಾಡಿತು. ಅಬ್ಬಾ, ಅದೆಂಥ ಜುಮುಕಿ! ಸುತ್ತು ಬಿಟ್ಟು ಅದರ ಮುತ್ತು ಎಣಿಸತೊಡಗಿದೆ. ಕೈ ತನ್ನ ಪಾಡಿಗೆ ಒಂದೇ ಕಡೆಗೆ ತಿರುಗುತ್ತಲೇ ಇತ್ತು.

ಮುಚ್ಚಳ ತೆಗೆದರೆ ಒಂದು ದೊಡ್ಡ ಗಂಟು! ಯಜಮಾನರು ಅದನ್ನು ಎತ್ತಿ ಹಿಡಿದು, "ಏನಪ್ಪಾ, ಗಿರಾಕಿಗಳನ್ನ ಕಟ್ಟಾಕಕ್ಕಾ ಇದು?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ! ಎಣಿಕೆ ತಪ್ಪಿದ್ದು ನಾನು ಅಂತ ಬಾಯಿ ಬಿಡಲಿಲ್ಲ. ಮಾರನೆಯ ದಿನವೇ ಅಣ್ಣ ಡ್ರಮ್ಮು ಬಿಚ್ಚಿಹಾಕಿ ಪಂಕ್ಚರ್ ಹಾಕಲು ಕೂತ.

ನಾನು ಮದುವೆಯಾಗಿ ಕುಣಿಗಲ್ಲಿಗೆ ಬಂದು ಹತ್ತು ವರ್ಷವಾಯಿತು. ಮೊನ್ನೆ ಅಣ್ಣ ಬಂದಿದ್ದಾಗ ನನ್ನ ಮಗಳು, "ಮಾವ, ನೀನೇನೋ ಮಿಷನ್ ಮಾಡಿದ್ಯಂತೆ?" ಅಂತ ಕೇಳಿದಳು.

"ಮಾಡಿದ್ದೆ ಕಣವ್ವ. ನನ್ ಲೆಕ್ಕಾನೇ ತಪ್ಪು. ಓದ್ದೆ ಇರೋನ್ಗೆ ಅವೆಲ್ಲ ಯಾಕೆ, ಬುಡು," ಅಂತ ನಕ್ಕ.

ಇಷ್ಟು ವರ್ಷವೂ ತನ್ನನ್ನೇ ದಡ್ಡ ಅಂದುಕೊಂಡಿದ್ದಾನೆ! ಕಾಫಿ ಲೋಟ ಕೆಳಗಿಟ್ಟೆ.

"ನಿನ್ ಲೆಕ್ಕ ಸರಿಯಾಗೇ ಇತ್ತು ಕಣಣ್ಣ. ಅವತ್ತು ನಾನೇ ಹಿಂದಕ್ಕೆ ತಿರುಗಿಸ್ಲಿಲ್ಲ. ನನ್ನಿಂದ ತಪ್ಪಾಯ್ತು."